ಡ್ರೈವರ್‌ವಾಕ್ಯವಿಚಾರ: ಎಕ್ಸೆಲ್ ಫೈಲು ತೆರೆಯದಿದ್ದಾಗ ಉಂಟಾಗುವ ಭ್ರಾಂತಿಯ ಸ್ವರೂಪನಿರ್ಣಯ

ಶಾಸ್ತ್ರಗ್ರಂಥವನ್ನು ಆರಂಭಿಸುವವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲಲ್ಲಿಯೇ ನಿರೂಪಿಸತಕ್ಕುದೆಂದು ಪೂರ್ವಾಚಾರ್ಯರು ವಿಧಿಸಿರುವರಾಗಿ, ಆ ಸಂಪ್ರದಾಯಕ್ಕೆ ಭಂಗ ಬಾರದಂತೆ ನಾವೂ ನಡೆಯುವೆವು. ಎಕ್ಸೆಲ್ ಶೀಟನ್ನು ಡೇಟಾಬೇಸಿನ ಟೇಬಲ್ಲೆಂದು ಭಾವಿಸಿ, ವಿಷುವಲ್ ಬೇಸಿಕ್ಕೇ ಮೊದಲಾದ ಭಾಷೆಗಳಲ್ಲಿ ಬರೆದ ಪ್ರೋಗ್ರಾಮಿನಿಂದ ಅದನ್ನು ಓದಲೆಳಸುವುದು ಇಲ್ಲಿನ ವಿಷಯ. ತಿಂಗಳ ಕೊನೆಯ ವರದಿಯನ್ನು ಸಾಯಂಕಾಲದೊಳಗೆ ಒಪ್ಪಿಸಿ ಮನೆಗೆ ತೆರಳುವುದು ಪ್ರಯೋಜನ. ಸಂಬಂಧವಾದರೋ ಪ್ರೋಗ್ರಾಮಿಗೂ ಫೈಲಿಗೂ ಏರ್ಪಡಬೇಕಾಗಿದ್ದು ಏರ್ಪಡದೆ ಉಳಿದಂಥದು, ಏರ್ಪಟ್ಟಿದ್ದಲ್ಲಿ ಈ ಪ್ರಬಂಧಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಇನ್ನು ಅಧಿಕಾರಿಯೆಂದರೆ ಶಮದಮಾದಿಗಳನ್ನು ಸಂಪಾದಿಸಿಕೊಂಡವನಲ್ಲ, ಅವುಗಳನ್ನು ಆಗಷ್ಟೇ ಕಳೆದುಕೊಂಡವನು.

ಡೇಟಾಬೇಸಿನ ಟೇಬಲ್ಲಿನಲ್ಲಿ ಪ್ರತಿಯೊಂದು ಕಾಲಮ್ಮೂ ತಾನು ಅಂಕಿಯೋ ಅಕ್ಷರವೋ ದಿನಾಂಕವೋ ಎಂಬುದನ್ನು ಹುಟ್ಟುವಾಗಲೇ ಸಾರಿಕೊಂಡಿರುತ್ತದೆ. ಎಕ್ಸೆಲ್ ಶೀಟಿನಲ್ಲಾದರೆ ಇಂಥ ಜಾತಿನಿಯಮವೇ ಇಲ್ಲದೆ, ಯಾವ ಕೋಷ್ಠದಲ್ಲಿ ಬೇಕಾದರೂ ಯಾರು ಏನನ್ನು ಬೇಕಾದರೂ ಬರೆದಿಡಬಹುದು. ಇಂತಿರಲು 1992ರಲ್ಲಿ ಮೈಕ್ರೋಸಾಫ್ಟಿನವರು ಓಡಿಬಿಸಿ ಎಂಬ ಸರ್ವಸಾಮಾನ್ಯ ಸಂಪರ್ಕವಿಧಾನವನ್ನೂ, ಅದೇ ವರ್ಷ ಆಕ್ಸೆಸ್‌ನೊಡನೆ ಜೆಟ್ ಎಂಬ ಎಂಜಿನ್ನನ್ನೂ ಹೊರತಂದು, ಪರರ ಫೈಲುಗಳನ್ನೂ ಟೇಬಲ್ಲುಗಳೆಂದು ಕಾಣುವ ದಿವ್ಯದೃಷ್ಟಿಯನ್ನು ಕಾಲಕ್ರಮದಲ್ಲಿ ಅದಕ್ಕೆ ಕರುಣಿಸಿದರು. ಟೇಬಲ್ಲಲ್ಲದ್ದನ್ನು ಟೇಬಲ್ಲೆಂದು ತಿಳಿಯುವ ಈ ಅಧ್ಯಾಸವೇ ಮುಂದಿನ ಸಕಲ ಸಂಸಾರದುಃಖಕ್ಕೂ ಬೀಜವಾಯಿತೆಂದು ನಮ್ಮ ಮತ.

ಪೂರ್ವಪಕ್ಷಿಗಳಾದ ಮೀಮಾಂಸಕರು ಇಲ್ಲಿ ಎದ್ದುನಿಂತು ಹೇಳುವರು: ಪ್ರೋಗ್ರಾಮಿಗೂ ಫೈಲಿಗೂ ನಡುವೆ ನಿಂತು ಓದಿಕೊಡುವ ಡ್ರೈವರು ತೆರೆಯ ಮೇಲೆ ಮೂಡಿಸುವ ದೋಷವಾಕ್ಯವನ್ನು ರಚಿಸಿದವರಾರೆಂದು ಯಾರಿಗೂ ತಿಳಿಯದು, ಕರ್ತೃವಿಲ್ಲದ ವಾಕ್ಯ ಅಪೌರುಷೇಯ, ಅಪೌರುಷೇಯವಾದುದಕ್ಕೆ ಪುರುಷದೋಷ ಸೋಂಕದು, ಆದುದರಿಂದ ಅದು ಸ್ವತಃಪ್ರಮಾಣ. ಈ ವಾದವನ್ನು ನಂಬಿ, ವಾಕ್ಯವು ಹೇಳಿದ ವಸ್ತುವನ್ನೇ ಹುಡುಕುತ್ತ ಹೊರಟವರು ಇನ್ನೂ ಹಿಂದಿರುಗಿಲ್ಲ. ಸಿದ್ಧಾಂತವಾದರೋ ಬೇರೆ. ಡ್ರೈವರಿನ ವಾಕ್ಯ ಪ್ರಾಯಶಃ ಭ್ರಾಂತಿಜ್ಞಾನವೇ ಆಗಿದ್ದು, ಶುಕ್ತಿಯಲ್ಲಿ ರಜತವನ್ನು ಕಂಡವನ ವಿಷಯದಲ್ಲಿ ನಮ್ಮ ದಾರ್ಶನಿಕರು ಶತಮಾನಗಳ ಕಾಲ ನಡೆಸಿದ ಖ್ಯಾತಿವಾದಗಳ ಬೆಳಕಿನಲ್ಲಲ್ಲದೆ ಅದರ ನಿಜಾರ್ಥ ಹೊಳೆಯಲಾರದು.

ಮೊದಲನೆಯ ಉದಾಹರಣೆ, 'ಕುಡ್ ನಾಟ್ ಫೈಂಡ್ ಇನ್‌ಸ್ಟಾಲಬಲ್ ಐಸ್ಯಾಮ್' ಎಂಬ ಮಹಾವಾಕ್ಯ. ಐಸ್ಯಾಮ್ ಎಂಬುದು 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಬೃಹದ್ಯಂತ್ರಗಳಿಗಾಗಿ ಹುಟ್ಟಿದ ದತ್ತಾಂಶಕ್ರಮ. ಅದರ ಹೆಸರನ್ನು ಹೊತ್ತು ಜೆಟ್‌ನ ಸೇವೆಯಲ್ಲಿ ನಿಂತಿರುವ ಎಕ್ಸೆಲ್ ಘಟಕ ವಿಂಡೋಸಿನ ಸಿಸ್ಟಮ್ ಫೋಲ್ಡರಿನಲ್ಲಿ ಸುಖವಾಗಿ ಕುಳಿತಿರುವಾಗಲೇ ಡ್ರೈವರು ಅದು ದೊರೆಯಲಿಲ್ಲವೆಂದು ಪ್ರಲಾಪಿಸುವುದು. ನಿಜವಾಗಿ ತಪ್ಪಿರುವುದು ಸಂಪರ್ಕಕ್ಕಾಗಿ ಪ್ರೋಗ್ರಾಮು ಒಪ್ಪಿಸುವ ಕನೆಕ್ಷನ್ ಸ್ಟ್ರಿಂಗಿನಲ್ಲಿ. 'ಎಕ್ಸ್‌ಟೆಂಡೆಡ್ ಪ್ರಾಪರ್ಟೀಸ್' ಎಂಬುದರ ಬೆಲೆಯಾಗಿ 'ಎಕ್ಸೆಲ್ 8.0', ಅರ್ಧವಿರಾಮ, 'ಎಚ್‌ಡಿಆರ್=ಯೆಸ್' ಎಂದು ಬರೆಯುವಾಗ ಇಡೀ ಪದಪುಂಜವನ್ನು ಉದ್ಧರಣಚಿಹ್ನೆಗಳ ಕೋಟೆಯೊಳಗೆ ಇಡದಿದ್ದರೆ, ಅರ್ಧವಿರಾಮವನ್ನು ಕಂಡೊಡನೆ ವಾಕ್ಯ ಮುಗಿಯಿತೆಂದು ಬಗೆದು, ಮುಂದಿನದನ್ನು ಅಪರಿಚಿತನೊಬ್ಬನ ಆಗಮನವೆಂದು ತಿಳಿದು, ಡ್ರೈವರಿನ ಸ್ಥಾನದಲ್ಲಿ ನಿಂತ ಪ್ರೊವೈಡರು ಗಾಬರಿಗೊಳ್ಳುತ್ತದೆ; ಎಕ್ಸೆಲ್ ಎಂಬುದಕ್ಕೂ 8.0 ಎಂಬುದಕ್ಕೂ ನಡುವೆ ಜಾಗ ಬಿಡದಿದ್ದರೂ ಫಲ ಅದೇ. ಇದು ನೈಯಾಯಿಕರು ಹೇಳುವ ಅನ್ಯಥಾಖ್ಯಾತಿ, ಒಂದೆಡೆಯಿರುವುದನ್ನು ಇನ್ನೊಂದೆಡೆ ಕಾಣುವುದು. ಆರೋಪಿತವಾದ ಬೆಳ್ಳಿ ಅಂಗಡಿಯಲ್ಲಾದರೂ ಇದೆಯೆಂದು ಅವರು ವಾದಿಸಿದರೆ, ಅದು ಎಲ್ಲಿಯೂ ಇಲ್ಲದ ಅತ್ಯಂತ ಅಸತ್ತೆಂದು ಉಡುಪಿಯ ಮಧ್ವಾಚಾರ್ಯರ ಅನುಯಾಯಿಗಳು ಅಭಿನವಾನ್ಯಥಾಖ್ಯಾತಿಯಲ್ಲಿ ಸಾಧಿಸುವರಷ್ಟೆ; ಪ್ರಕೃತದಲ್ಲಿ ಐಸ್ಯಾಮಿನ ಅಭಾವವೆಂಬುದೇ ಅಸತ್ತಾದಕಾರಣ ನಾವು ಉಡುಪಿಯ ಪಕ್ಷದ ಕಡೆಗೇ ವಾಲುವೆವು.

'ಪ್ರೊವೈಡರ್ ಈಸ್ ನಾಟ್ ರಿಜಿಸ್ಟರ್ಡ್ ಆನ್ ದಿ ಲೋಕಲ್ ಮೆಷೀನ್' ಎಂಬ ಎರಡನೆಯ ವಾಕ್ಯವನ್ನು ಬಿಡಿಸಲು ಪ್ರಾಭಾಕರರ ಅಖ್ಯಾತಿಯೇ ಶರಣು. ಅವರ ಮತದಲ್ಲಿ ಭ್ರಾಂತಿಯೆಂಬ ಸುಳ್ಳು ಜ್ಞಾನವೇ ಇಲ್ಲ. ಎರಡು ನಿಜಗಳಿರುತ್ತವೆ, ಅವುಗಳ ಭೇದವನ್ನು ಗ್ರಹಿಸಲಾಗಿರುವುದಿಲ್ಲ, ಅಷ್ಟೆ. ಹೇಗೆಂದರೆ, ಜೆಟ್ 4.0 ಪ್ರೊವೈಡರು 32 ಬಿಟ್ಟಿನ ಮತದಲ್ಲಿ ಹುಟ್ಟಿ, ಅದರಲ್ಲಿಯೇ ಬೆಳೆದು, 64 ಬಿಟ್ಟಿನ ದೀಕ್ಷೆಯನ್ನು ಎಂದೂ ಪಡೆಯದೆ ಉಳಿದುದು. ಅದರ ಉತ್ತರಾಧಿಕಾರಿಯಾಗಿ ಆಫೀಸ್ 2007ರೊಡನೆ ಬಂದ ಏಸ್ ಪ್ರೊವೈಡರಿಗೆ 64 ಬಿಟ್ಟಿನ ಶರೀರ ದೊರೆತುದು ಆಫೀಸ್ 2010ರ ಕಾಲದಲ್ಲಿ. ಒಂದು ಮತದ ಪ್ರೋಗ್ರಾಮಿಗೆ ಇನ್ನೊಂದು ಮತದ ಪ್ರೊವೈಡರು ಕಣ್ಣೆದುರಿಗೇ ಇದ್ದರೂ ಗೋಚರಿಸದು. ಪ್ರೊವೈಡರು ಯಂತ್ರದಲ್ಲಿದೆ ಎಂಬುದೂ ನಿಜ, ಪ್ರೋಗ್ರಾಮಿಗೆ ಅದಿಲ್ಲ ಎಂಬುದೂ ನಿಜ. ಭೇದಾಗ್ರಹಕ್ಕೆ ಇಂಬು ಕೊಡುವುದೇ ತಮ್ಮ ಕುಲಧರ್ಮವೆಂಬಂತೆ, ವಿಂಡೋಸಿನ ಶಿಲ್ಪಿಗಳು 64 ಬಿಟ್ಟಿನ ಘಟಕಗಳನ್ನು 'ಸಿಸ್ಟಮ್32' ಎಂಬ ಫೋಲ್ಡರಿನಲ್ಲಿಯೂ, 32 ಬಿಟ್ಟಿನ ಘಟಕಗಳನ್ನು 'ಸಿಸ್‌ವಾವ್64' ಎಂಬ ಫೋಲ್ಡರಿನಲ್ಲಿಯೂ ಇರಿಸಿ, ಓಡಿಬಿಸಿಯ ವ್ಯವಸ್ಥೆಯನ್ನು ನೋಡಿಕೊಳ್ಳುವ ಉಪಕರಣಕ್ಕೆ ಎರಡೂ ಕಡೆಗಳಲ್ಲಿ 'ಓಡಿಬಿಸಿಎಡಿ32' ಎಂದೇ ನಾಮಕರಣ ಮಾಡಿರುವರು. ಹಳೆಯ ಪ್ರೋಗ್ರಾಮುಗಳ ಹಿತಕ್ಕಾಗಿ ಹೀಗೆ ಮಾಡಬೇಕಾಯಿತೆಂದು ಸಮಾಧಾನ ಹೇಳುವವರುಂಟು. ಹಳಬರ ಹಿತಕ್ಕಾಗಿ ಮಾಡಿದ ವ್ಯವಸ್ಥೆಯಲ್ಲಿ ಹೊಸಬರು ಅಲೆಯುವುದು ಲೋಕದಲ್ಲಿ ಹೊಸತೇನಲ್ಲ. ಪ್ರೋಗ್ರಾಮನ್ನು ಎಕ್ಸ್86 ಗುರಿಗೆ ಕಂಪೈಲ್ ಮಾಡಿ 32ರ ಮತಕ್ಕೆ ಮರಳಿಸುವುದು ಸುಲಭವಾದ ಪ್ರಾಯಶ್ಚಿತ್ತ. ಅದೊಲ್ಲದೆ 64ರ ಏಸನ್ನೇ ಸ್ಥಾಪಿಸುವೆನೆಂದು ಹೊರಟವನಿಗೆ, ಯಂತ್ರದಲ್ಲಿ 32ರ ಆಫೀಸು ಮೊದಲೇ ಪಟ್ಟವೇರಿದ್ದರೆ, ಇಬ್ಬರೂ ಕೂಡಿ ಬಾಳಲಾರರೆಂದು ಅನುಸ್ಥಾಪಕವು ಬಾಗಿಲು ಮುಚ್ಚುವುದು. ಆಗ ಅದನ್ನೇ 'ಕ್ವಾಯೆಟ್' ಎಂಬ ಸಂಕೇತ ಸೇರಿಸಿ ಆಜ್ಞಾಪಿಸಿದರೆ ಒಂದು ಪ್ರಶ್ನೆಯನ್ನೂ ಕೇಳದೆ ಒಳಹೊಗುವುದು. ದಕ್ಷಿಣಾಮೂರ್ತಿಯ ಮೌನವ್ಯಾಖ್ಯಾನದಿಂದ ಶಿಷ್ಯರ ಸಂಶಯಗಳು ಛಿನ್ನವಾದವೆಂಬುದರಲ್ಲಿ ನಂಬಿಕೆಯಿಲ್ಲದವರು ಇದನ್ನು ಪ್ರಯೋಗಿಸಿ ನೋಡಬಹುದು.

ಇದುವರೆಗೆ ಹೇಳಿದ ದೋಷಗಳು ಕೂಗಿಯಾದರೂ ಹೇಳುವಂಥವು. ಕೂಗದ ದೋಷವೇ ಹೆಚ್ಚು ಘೋರವಾದುದು. ಎಕ್ಸೆಲ್ ಕಾಲಮ್ಮಿಗೆ ಜಾತಿಯಿಲ್ಲವೆಂದು ಮೊದಲೇ ಹೇಳಿದೆವಷ್ಟೆ. ಡ್ರೈವರಿಗೋ ಜಾತಿ ತಿಳಿಯದೆ ನೀರೂ ಇಳಿಯದು. ಆದುದರಿಂದ ಅದು ಕಾಲಮ್ಮಿನ ಮೊದಲ 8 ಸಾಲುಗಳನ್ನು ಮಾತ್ರ ನೋಡಿ, ಅವುಗಳಲ್ಲಿ ಬಹುಮತ ಯಾವುದೋ ಅದೇ ಇಡೀ ಕಾಲಮ್ಮಿನ ಜಾತಿಯೆಂದು ನಿರ್ಣಯಿಸುವುದು. ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದುದನ್ನು ತಿಳಿಯುವ ಸ್ಥಾಲೀಪುಲಾಕನ್ಯಾಯ ಇದುವೇ. ಆದರೆ ಪಾತ್ರೆಯಲ್ಲಿ ಅನ್ನವೇ ಇರಬೇಕೆಂಬುದು ಆ ನ್ಯಾಯದ ಹೇಳದ ಷರತ್ತು. ನಮ್ಮ ನಾಡಿನ ಜಮೀನುಗಳ ಪಟ್ಟಿಯೊಂದನ್ನು ತೆಗೆದುಕೊಳ್ಳೋಣ. ಸರ್ವೆ ನಂಬರಿನ ಕಾಲಮ್ಮಿನಲ್ಲಿ ಮೊದಲ 8 ಸಾಲುಗಳು 41, 42, 43 ಎಂದು ಶುದ್ಧ ಅಂಕಿಗಳಾಗಿದ್ದು, 9ನೆಯದರಲ್ಲಿ ಅಣ್ಣತಮ್ಮಂದಿರ ವಿಭಾಗದ ಫಲವಾಗಿ 49/2ಬಿ ಎಂಬ ಹಿಸ್ಸೆ ಬಂದಿತೆನ್ನಿ. ಅಂಕಿಯಲ್ಲದ ಆ ಹಿಸ್ಸೆಯನ್ನು ಡ್ರೈವರು ತಪ್ಪೆಂದು ತಿರಸ್ಕರಿಸುವುದಿಲ್ಲ, ಎಚ್ಚರಿಕೆಯನ್ನೂ ಕೊಡುವುದಿಲ್ಲ. 'ನಲ್' ಎಂದು ಒಪ್ಪಿಸಿ ಮುಂದೆ ಸಾಗುವುದು. ಕೋರ್ಟಿನಲ್ಲಿ ಇಪ್ಪತ್ತು ವರ್ಷ ಹೋರಾಡಿ ಪಡೆದ ಭೂಮಿಯನ್ನು ಇಷ್ಟು ನಿಶ್ಶಬ್ದವಾಗಿ ಕಳೆಯಬಲ್ಲ ಅಧಿಕಾರಿ ಕಂದಾಯ ಇಲಾಖೆಯಲ್ಲಿಯೂ ದುರ್ಲಭ. (12/3 ಎಂಬ ಹಿಸ್ಸೆಯನ್ನು ಟೈಪ್ ಮಾಡಿದೊಡನೆ ಅದನ್ನು ತಾನೇ ದಿನಾಂಕವಾಗಿಸುವ ಎಕ್ಸೆಲ್‌ನ ಪ್ರತ್ಯೇಕ ಪ್ರತಿಭೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ; 1900ನೆಯ ಇಸವಿಯಲ್ಲಿ ಇರದಿದ್ದ ಫೆಬ್ರವರಿ 29ನ್ನು ಲೋಟಸ್ 1-2-3ರೊಡನೆ ಹೊಂದಿಕೊಳ್ಳಲೋಸುಗ ಇಂದಿಗೂ ಲೆಕ್ಕಕ್ಕೆ ಹಿಡಿಯುವ ತಂತ್ರಾಂಶದಿಂದ ಕಾಲವಿವೇಕವನ್ನು ನಿರೀಕ್ಷಿಸತಕ್ಕುದೂ ಅಲ್ಲ.)

ಎಕ್ಸ್‌ಟೆಂಡೆಡ್ ಪ್ರಾಪರ್ಟೀಸಿನಲ್ಲಿ 'ಐಮೆಕ್ಸ್=1' ಎಂದು ಬರೆದರೆ ಮಿಶ್ರಜಾತಿಯ ಕಾಲಮ್ಮನ್ನು ಅಕ್ಷರವೆಂದೇ ಓದುವುದು ಎಂಬ ಉಪದೇಶ ಎಲ್ಲೆಡೆಯೂ ಪ್ರಚಲಿತವಾಗಿದ್ದು, ಅದು ಅರ್ಧಸತ್ಯವಾದುದರಿಂದಲೇ ಹೆಚ್ಚು ಅಪಾಯಕರ. ಮಿಶ್ರಣವಿದೆಯೋ ಇಲ್ಲವೋ ಎಂಬುದನ್ನು ಅದೂ ಅವೇ 8 ಸಾಲುಗಳನ್ನು ನೋಡಿ ತೀರ್ಮಾನಿಸುವುದರಿಂದ, 9ನೆಯ ಸಾಲಿನ ಹಿಸ್ಸೆದಾರನಿಗೆ ಅದರಿಂದ ನ್ಯಾಯ ದೊರೆಯದು. ರಿಜಿಸ್ಟ್ರಿಯಲ್ಲಿ 'ಟೈಪ್‌ಗೆಸ್‌ರೋಸ್' ಎಂಬುದನ್ನು 8ರಿಂದ 0ಗೆ ಇಳಿಸಿದರೆ ನೋಟವು 16,384 ಸಾಲುಗಳವರೆಗೆ ಚಾಚುವುದು. ಸೊನ್ನೆ ಮಾಡಿದರೆ ಹೆಚ್ಚುವುದೆಂಬ ಈ ಗಣಿತ ಭಾಸ್ಕರಾಚಾರ್ಯರಿಗೂ ಹೊಳೆದಿರಲಿಲ್ಲ. ರಿಜಿಸ್ಟ್ರಿಯನ್ನು ಮುಟ್ಟಲು ಅಪ್ಪಣೆಯಿಲ್ಲದವರಿಗೆ ಇನ್ನೊಂದು ಉಪಾಯವುಂಟು. ಐಮೆಕ್ಸನ್ನು 1 ಎಂದೇ ಇರಿಸಿ, 'ಎಚ್‌ಡಿಆರ್=ನೋ' ಎಂದು, ಮೊದಲ ಸಾಲು ತಲೆಬರಹವಲ್ಲವೆಂದು ಸುಳ್ಳು ಹೇಳಿದರೆ, 'ಸರ್ವೆ ನಂಬರು' ಎಂಬ ತಲೆಬರಹವೇ ದತ್ತಾಂಶವಾಗಿ ಎಣಿಕೆಗೆ ಸೇರಿ, ಅಂಕಿಗಳ ನಡುವೆ ಒಂದು ಅಕ್ಷರಸಾಲು ಕಾಣಿಸಿಕೊಂಡು, ಕಾಲಮ್ಮು ಮಿಶ್ರವೆಂದು ತೀರ್ಮಾನವಾಗಿ, ಎಲ್ಲವೂ ಅಕ್ಷರರೂಪದಲ್ಲಿ ಉಳಿದುಕೊಳ್ಳುವುವು. ಸುಳ್ಳಿನಿಂದ ಭೂಮಿ ಉಳಿಯುವ ಈ ಪ್ರಸಂಗದ ಧರ್ಮಾಧರ್ಮವನ್ನು ಸ್ಮೃತಿಕಾರರಿಗೆ ಬಿಡುವೆವು.

ಶೀಟಿನ ಹೆಸರಿನ ಕೊನೆಗೆ ಡಾಲರ್ ಚಿಹ್ನೆಯಿಟ್ಟು ಚೌಕಾವರಣದೊಳಗೆ ಬರೆಯದಿದ್ದರೆ ಅದು ಕಾಣಿಸದೆಂಬುದನ್ನು ಹೇಳಿ ಮುಂದೆ ಹೋಗಬಹುದು. ಹೊಸ ಸಾಲನ್ನು ಸೇರಿಸಲು ಡ್ರೈವರು ಸಮ್ಮತಿಸುವುದು, ಇದ್ದುದನ್ನು ತಿದ್ದಲೂ ಸಮ್ಮತಿಸುವುದು, ಅಳಿಸಲು ಮಾತ್ರ ಒಡಂಬಡದು, ಸೃಷ್ಟಿಸ್ಥಿತಿಗಳುಂಟು, ಲಯವಿಲ್ಲ. ಫೈಲು ನಿರೀಕ್ಷಿತ ರೂಪದಲ್ಲಿಲ್ಲವೆಂಬ ಇನ್ನೊಂದು ವಾಕ್ಯ ಬಂದಲ್ಲಿ ಮಾತ್ರ ಅದನ್ನು ನಂಬಬಹುದು. ಲೆಕ್ಕದ ತಂತ್ರಾಂಶಗಳು ಎಷ್ಟೋ ವೇಳೆ ಎಚ್‌ಟಿಎಂಎಲ್ ಪುಟಕ್ಕೇ ಎಕ್ಸೆಲ್ ಎಂಬ ಬಾಲ ಅಂಟಿಸಿ ಹೊರಗಟ್ಟುವುವಾದುದರಿಂದ ಅಲ್ಲಿ ಡ್ರೈವರು ಕಂಡುದು ದಿಟವೇ ಆಗಿರುವುದು. ಎಲ್ಲ ಜ್ಞಾನವೂ ಯಥಾರ್ಥವೆಂದ ರಾಮಾನುಜರ ಸತ್‌ಖ್ಯಾತಿಗೆ ಈ ಶಾಸ್ತ್ರದಲ್ಲಿ ದೊರೆಯುವ ಗಟ್ಟಿ ಆಸರೆ ಇದೊಂದೇ.

'ಅನ್‌ಎಕ್ಸ್‌ಪೆಕ್ಟೆಡ್ ಎರರ್ ಫ್ರಮ್ ಎಕ್ಸ್‌ಟರ್ನಲ್ ಡೇಟಾಬೇಸ್ ಡ್ರೈವರ್' ಎಂಬುದು ಇವೆಲ್ಲವನ್ನೂ ಮೀರಿದ ಅನಿರ್ವಚನೀಯಖ್ಯಾತಿ. 2017ರ ಅಕ್ಟೋಬರ್ 10ರಂದು ಹೊರಬಿದ್ದ ವಿಂಡೋಸ್ ಭದ್ರತಾ ಪರಿಷ್ಕರಣೆಗಳನ್ನು ಸ್ವೀಕರಿಸಿದ ಯಂತ್ರಗಳಲ್ಲಿ, ವರ್ಷಾನುಗಟ್ಟಲೆ ದುಡಿದ ಪ್ರೋಗ್ರಾಮುಗಳು ತಮ್ಮಲ್ಲಿ ಒಂದಕ್ಷರವೂ ಬದಲಾಗದಿದ್ದರೂ, ಜೆಟ್‌ನ ಮೂಲಕ ಎಕ್ಸೆಲ್ ಫೈಲನ್ನು ಮುಟ್ಟಿದೊಡನೆ ಈ ವಾಕ್ಯವನ್ನು ಉಚ್ಚರಿಸಿ ನಿಂತವು. ಕನೆಕ್ಷನ್ ಸ್ಟ್ರಿಂಗನ್ನು ತಿದ್ದಿ ಜೆಟ್‌ನಿಂದ ಏಸಿಗೆ ದಾಟಿದವರು ಪಾರಾದರು. ಉಳಿದವರನ್ನು ಮುಂದಿನ ತಿಂಗಳ ಪರಿಷ್ಕರಣೆಗಳು ಉದ್ಧರಿಸಿದವು. ದೋಷ ಇದೆಯೆನ್ನೋಣವೆಂದರೆ ಪ್ರೋಗ್ರಾಮಿನಲ್ಲಿ ಇರಲಿಲ್ಲ, ಇಲ್ಲವೆನ್ನೋಣವೆಂದರೆ ಸಂಬಳದ ಪಟ್ಟಿ ನಿಂತಿತ್ತು. ತನಗೇ ಇದು ಅನಿರೀಕ್ಷಿತವೆಂದು ಒಪ್ಪಿಕೊಂಡ ಈ ವಾಕ್ಯದ ಪ್ರಾಮಾಣಿಕತೆಯನ್ನಾದರೂ ನಾವು ಮೆಚ್ಚತಕ್ಕುದು.

ಜಿಜ್ಞಾಸುವಿಗೆ ಒಂದು ಪ್ರಮಾಣೋಪಾಯವನ್ನು ಸೂಚಿಸುವೆವು. ಏನೂ ಬರೆಯದ ಖಾಲಿ ಟೆಕ್ಸ್ಟ್ ಫೈಲೊಂದನ್ನು ಸೃಷ್ಟಿಸಿ, ಅದರ ಬಾಲವನ್ನು 'ಯುಡಿಎಲ್' ಎಂದು ಬದಲಿಸಿ, ಎರಡು ಬಾರಿ ಕ್ಲಿಕ್ ಮಾಡಿದರೆ, ಪ್ರೊವೈಡರುಗಳ ಪಟ್ಟಿ ತೆರೆದುಕೊಂಡು, ಸಂಪರ್ಕವನ್ನು ಪ್ರೋಗ್ರಾಮಿನ ಹಂಗಿಲ್ಲದೆ ಪರೀಕ್ಷಿಸಲು ಅನುವಾಗುವುದು. ಪರೀಕ್ಷೆ ಗೆದ್ದ ಬಳಿಕ ಅದೇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಸರಿಯಾದ ಕನೆಕ್ಷನ್ ಸ್ಟ್ರಿಂಗು ತಾನೇ ಬರೆದುಕೊಂಡು ಕುಳಿತಿರುವುದು. ಅಭಾವದಿಂದ ಭಾವ ಹುಟ್ಟದೆಂಬ ಸಾಂಖ್ಯರು ಇದಕ್ಕೆ ಏನು ಹೇಳುವರೋ ಕಾದು ನೋಡಬೇಕು.

ಕೊನೆಯದಾಗಿ, ಹಂಚಿಕೆಯ ಫೋಲ್ಡರಿನಲ್ಲಿರುವ ಫೈಲನ್ನು ಇನ್ನೊಬ್ಬರು ಎಕ್ಸೆಲ್‌ನಲ್ಲಿ ತೆರೆದಿದ್ದಾಗ ಜೆಟ್ ನುಡಿಯುವ ಮಾತು: ಫೈಲನ್ನು ಬೇರೊಬ್ಬರು ತಮಗಷ್ಟೇ ಮೀಸಲಾಗಿ ತೆರೆದಿರುವರು, ಇಲ್ಲವೇ ನಿಮಗೆ ನೋಡುವ ಅನುಮತಿ ಬೇಕು. ಯಾವ ಫೈಲೆಂದು ಹೇಳಬೇಕಾದೆಡೆಯಲ್ಲಿ ಅನೇಕ ವೇಳೆ ಎರಡು ಉದ್ಧರಣಚಿಹ್ನೆಗಳಿದ್ದು ನಡುವೆ ಏನೂ ಇರುವುದಿಲ್ಲ. ಈ ವ್ಯಾಧಿಗೆ ಕನೆಕ್ಷನ್ ಸ್ಟ್ರಿಂಗಿನಲ್ಲಿ ಔಷಧವಿಲ್ಲ, ದರ್ಶನಗಳಲ್ಲಿಯೂ ಇಲ್ಲ. ಆದಕಾರಣ ಲೆಕ್ಕಪತ್ರ ವಿಭಾಗದಲ್ಲಿ ಫೈಲನ್ನು ತೆರೆದಿಟ್ಟು ಊಟಕ್ಕೆ ತೆರಳಿರುವ ಮಹನೀಯರು, ಅವರಾರೇ ಆಗಿರಲಿ, ಹಿಂದಿರುಗಿದೊಡನೆ ಅದನ್ನು ಮುಚ್ಚಬೇಕಾಗಿ ಪ್ರಾರ್ಥನೆ. ಬದಲಾವಣೆಗಳನ್ನು ಸೇವ್ ಮಾಡಲೇ ಎಂದು ಎಕ್ಸೆಲ್ ಕೇಳಿದರೆ, ದಯವಿಟ್ಟು ಬೇಡವೆನ್ನಿ.