ಡೇರೆ ಮಾವ

ಡೇರೆ ಮಾವನ ಕೈಗೆ ಕಾಗದ ಕೊಟ್ಟರೆ ಅವರು ಮೊದಲು ಓದುವುದಿಲ್ಲ, ಉಜ್ಜುತ್ತಾರೆ. ಹೆಬ್ಬೆರಳು ತೋರುಬೆರಳಿನ ನಡುವೆ ಮೂಲೆ ಹಿಡಿದು, ಕಣ್ಣು ಅರ್ಧ ಮುಚ್ಚಿ, ಕಿವಿಯ ಹತ್ತಿರ ಒಮ್ಮೆ ಪಟಪಟ ಅನ್ನಿಸಿ, ‘250 ಜಿ.ಎಸ್.ಎಂ., ಆರ್ಟ್ ಕಾರ್ಡು’ ಎನ್ನುತ್ತಾರೆ. ಮದುವೆಗೆ ಕರೆಯಲು ಬಂದವರು ಮುಹೂರ್ತದ ವಿಚಾರ ಎತ್ತುವುದಕ್ಕೆ ಇನ್ನೂ ಐದು ನಿಮಿಷ ಕಾಯಬೇಕು.

ಭದ್ರಾವತಿಯ ಕಾಗದನಗರದಲ್ಲಿ ಬೀದಿಗೊಬ್ಬರು ಇಂಥವರು ಸಿಗುತ್ತಾರೆ. 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ ಮೂರು ತಲೆಮಾರಿಗೆ ಅನ್ನ ಹಾಕಿ, 2015ರ ಹೊತ್ತಿಗೆ ಉಸಿರು ನಿಲ್ಲಿಸಿತು. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆ ಸೇರಿದವರಲ್ಲಿ ಒಬ್ಬರು ಗುಲಾಬಿ ಹಿಡಿದರು, ಒಬ್ಬರು ದೇವಸ್ಥಾನದ ಕಮಿಟಿ ಹಿಡಿದರು, ಇನ್ನೊಬ್ಬರು ಶಿವಮೊಗ್ಗದ ಕಡೆ ಸೈಟು ತೋರಿಸುವ ಕೆಲಸ ಹಿಡಿದರು. ಇವರು ಡೇರೆ ಹಿಡಿದರು. ಕಾಲೋನಿಯ ಮಕ್ಕಳು ಇಟ್ಟ ಹೆಸರೇ ಈಗ ಹಾಲಿನವನ ಲೆಕ್ಕದ ಪುಸ್ತಕದಲ್ಲೂ ಇದೆ.

ಬೆಂಗಳೂರಿನ ಮಗ ಒಂದು ದಿನ ಫೋನಿನಲ್ಲಿ ‘ಅಪ್ಪ, ಎಲ್ಲಾರೂ ಒಂದ್ಸಲ ಕ್ಯಾಂಪಿಂಗ್ ಹೋಗಣ’ ಅಂದನಂತೆ. ಮಕ್ಕಳು ಇಂಥ ಮಾತನ್ನು ಆಡಿ ಮರೆಯುತ್ತಾರೆ. ಮಾವ ಮರೆಯುವವರಲ್ಲ. ಮೊದಲು ಶಿವಮೊಗ್ಗದ ಗಾಂಧಿ ಬಜಾರು ಸುತ್ತಿದರು. ಅಲ್ಲಿ ಟಾರ್ಪಾಲು ತೋರಿಸಿದರು, ಸೊಳ್ಳೆಪರದೆ ತೋರಿಸಿದರು, ಎರಡನ್ನೂ ಸೇರಿಸಿ ಹೊಲಿದುಕೊಳ್ಳಿ ಅಂತ ಒಬ್ಬರು ಬುದ್ಧಿಯನ್ನೂ ಹೇಳಿದರು. (ಆ ಬುದ್ಧಿಯಲ್ಲಿ ತಪ್ಪೇನೂ ಇಲ್ಲ. ಒಳಗೆ ಜಾಲರಿ, ಹೊರಗೆ ಮಳೆಹೊದಿಕೆ, ನಡುವೆ ಗಾಳಿಗೆ ನಾಲ್ಕು ಬೆರಳು ಜಾಗ: ಒಳ್ಳೆಯ ಡೇರೆ ಅಂದರೆ ಅಷ್ಟೇ.) ಕೊನೆಗೆ ಹೆಂಡತಿಯನ್ನು ಕರೆದುಕೊಂಡು ರೈಲು ಹತ್ತಿ ಬೆಂಗಳೂರಿನ ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಗೇ ಹೋದರು.

ಮಾವ ಕಾರ್ಖಾನೆಯಲ್ಲಿ ಲ್ಯಾಬಿನಲ್ಲಿದ್ದವರು. ಕಾಗದ ಎಷ್ಟು ನೀರು ಕುಡಿಯುತ್ತದೆ ಎಂದು ನೋಡುವ ಕಾಬ್ ಪರೀಕ್ಷೆ ಅವರ ದಿನನಿತ್ಯದ ಪೂಜೆ. ನೂರು ಚದರ ಸೆಂಟಿಮೀಟರಿನ ಉಂಗುರದಡಿ ಹಾಳೆ ಬಿಗಿದು, ನೂರು ಎಂ.ಎಲ್. ನೀರು ಹುಯ್ದು, ಒಂದು ನಿಮಿಷ ಬಿಟ್ಟು ಚೆಲ್ಲಿ, ಒತ್ತುಕಾಗದದಿಂದ ಒತ್ತಿ ತೂಕ ನೋಡುವುದು. ಅಂಗಡಿಯ ಹುಡುಗನನ್ನು ಅವರು ಕೇಳಿದ ಮೊದಲ ಪ್ರಶ್ನೆಯೇ ‘ಇದರ ಕಾಬ್ ಎಷ್ಟು?’ ಹುಡುಗ ಕಂಪ್ಯೂಟರ್ ನೋಡಿ ಬಂದು, ‘ಅದು ಸ್ಟಾಕಿಲ್ಲ ಸರ್, ನೀಲಿ ಮತ್ತೆ ಬೂದು ಮಾತ್ರ ಇದೆ’ ಅಂದ.

ನಾಲ್ಕು ಜನರದ್ದು ಅಂತ ಬರೆದ ಡೇರೆಯನ್ನು ಮಾವ ಟೇಪು ಹಿಡಿದು ಅಳೆದರು. ಅಗಲ 210 ಸೆಂ.ಮೀ. ಅಂದರೆ ತಲೆಗೆ ಐವತ್ತೆರಡೂವರೆ. ‘ಎ4 ಹಾಳೆ ಆದ್ರೆ ಅಡ್ಡಕ್ಕೆ ಕರೆಕ್ಟಾಗಿ ಹತ್ತು ಕೂರ್ತವೆ. ಮನುಷ್ಯರು ನಾಲ್ಕು ಜನ ಹೆಂಗಯ್ಯ ಕೂರ್ತಾರೆ?’ ಹುಡುಗನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಡೇರೆ ಮಾಡುವವರ ಲೆಕ್ಕದಲ್ಲಿ ಮನುಷ್ಯರು ಹೊರಳುವುದಿಲ್ಲ, ಬ್ಯಾಗು ತರುವುದಿಲ್ಲ, ಅವರಿಗೆ ಮೊಮ್ಮಕ್ಕಳೂ ಇರುವುದಿಲ್ಲ. ಬರೆದ ಸಂಖ್ಯೆಯಲ್ಲಿ ಎರಡು ಕಳೆದರೆ ನಿಜವಾದ ಸಂಖ್ಯೆ ಸಿಗುತ್ತದೆ ಎಂಬುದು ಮಾವನ ಸಿದ್ಧಾಂತ. ಅದು ಸರಿಯೂ ಹೌದು.

ಅಷ್ಟರಲ್ಲಿ ಮಾವನ ಕಣ್ಣು ‘2000 ಮಿ.ಮೀ.’ ಎಂಬ ಚೀಟಿಯ ಮೇಲೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ಬೇರೊಬ್ಬ ಗಿರಾಕಿ ತಾನೂ ಮಲೆನಾಡಿನವನೆಂದು ಹೇಳಿಕೊಂಡು, ‘ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮೇಲೇ ಬೀಳ್ತದೆ ಸಾರ್, ಇದು ಆಗಸ್ಟ್ ಹೊತ್ತಿಗೆ ಖಾಲಿ’ ಎಂದ. ಪಾಪ, ಆ ಗಿರಾಕಿಯ ಮಧ್ಯಾಹ್ನ ಅಲ್ಲಿಗೆ ಮುಗಿಯಿತು. ಅದು ಮಳೆಯ ಲೆಕ್ಕವಲ್ಲ, ಒತ್ತಡದ ಲೆಕ್ಕ. ಬಟ್ಟೆಯ ಮೇಲೆ ಕೊಳವೆ ನಿಲ್ಲಿಸಿ ನೀರು ಏರಿಸುತ್ತಾ ಹೋದರೆ ಎರಡು ಮೀಟರ್ ಎತ್ತರದ ನೀರಿನ ಕಂಬವನ್ನು ತಡೆದು, ಆಮೇಲಷ್ಟೇ ಹನಿ ಬಿಡುತ್ತದೆ ಎಂದರ್ಥ. ಮೇಲಿಂದ ಬೀಳುವ ಮಳೆಗೆ ಅಷ್ಟು ಧಾರಾಳ ಸಾಕು. ಒದ್ದೆ ನೆಲದ ಮೇಲೆ ಮಂಡಿಯೂರಿದಾಗ ಒತ್ತಡ ಜಾಸ್ತಿ, ಹಾಗಾಗಿ ಮಾಡಿನ ಬಟ್ಟೆಗಿಂತ ನೆಲದ ಬಟ್ಟೆ ಗಟ್ಟಿ ಇರಬೇಕು. ಸೋರುವುದು ಬಟ್ಟೆಯಲ್ಲಲ್ಲ, ಹೊಲಿಗೆಯಲ್ಲಿ, ಆದ್ದರಿಂದ ಹೊಲಿಗೆಯ ಮೇಲೆ ಒಳಗಿಂದ ಟೇಪು ಅಂಟಿಸಿದೆಯೇ ನೋಡು. ಇಷ್ಟನ್ನೂ ಮಾವ ಅಂಗಡಿಯ ನೆಲದ ಮೇಲೆ ಮಂಡಿಯೂರಿಯೇ ವಿವರಿಸಿದರು.

ಆದರೆ ಡೇರೆ ಆರಿಸಿದವರು ಮಾವ ಅಲ್ಲ. ಅಲ್ಲಿಯವರೆಗೆ ಸ್ಟೂಲಿನ ಮೇಲೆ ಕೂತಿದ್ದ ಅವರ ಹೆಂಡತಿ ಎದ್ದು ಬಂದು ಒಂದೇ ಮಾತು ಕೇಳಿದರು: ‘ಒಳಗೆ ನಿಂತ್ಕೊಂಡು ಸೀರೆ ಉಡಕ್ಕಾಗುತ್ತಾ?’ ಅಂಗಡಿಯ ಹೆಚ್ಚುಕಮ್ಮಿ ಎಲ್ಲ ಡೇರೆಗಳೂ ಆ ಪ್ರಶ್ನೆಗೇ ಬಿದ್ದುಹೋದವು. ಮಿಕ್ಕಿದ್ದು ಒಂದು, ಆರು ಜನರದ್ದು, ಏಳು ಕಿಲೋ. ಬಿಲ್ಲಾಯಿತು. ಜಿ.ಎಸ್.ಎಂ., ಮಿ.ಮೀ. ಎಲ್ಲ ಮಾವ ರೈಲಿನಲ್ಲಿ ಕೂತು ತಾಳೆ ನೋಡಿ, ತಮ್ಮ ಆಯ್ಕೆ ಸರಿಯೆಂದು ತೀರ್ಮಾನಿಸಿದರು.

ಊರಿಗೆ ಬಂದ ಮೇಲೆ ಗೂಟದ ಪ್ರಶ್ನೆ ಎದ್ದಿತು. ಡೇರೆಯ ಜೊತೆ ಬರುವ ಗೂಟ ಸರಿಗೆಯದು. ನಮ್ಮ ಕಡೆಯ ಜಂಬಿಟ್ಟಿಗೆ ನೆಲಕ್ಕೆ ಹೊಡೆದರೆ ನೆಲ ಹಾಗೇ ಇರುತ್ತದೆ, ಗೂಟ ಮಾತ್ರ ಕೊಕ್ಕೆಯಾಗುತ್ತದೆ. ಬೇರೆ ಊರಾಗಿದ್ದರೆ ಕಲ್ಲು ಕಟ್ಟಿ ಸುಮ್ಮನಾಗುತ್ತಿದ್ದರು. ಇದು ಭದ್ರಾವತಿ. 1923ರಿಂದ ಕಬ್ಬಿಣ ಕಾಯಿಸಿದ ಊರು. ಅಲ್ಲಿನ ಕಬ್ಬಿಣದ ಕಾರ್ಖಾನೆಯಿಂದ ನಿವೃತ್ತರಾದ ಸ್ನೇಹಿತರೊಬ್ಬರು ಮುಂದೆ ಬಂದು, 12 ಎಂ.ಎಂ. ಸರಳಿನಲ್ಲಿ ಒಂದೂವರೆ ಅಡಿಯಂತೆ ಇಪ್ಪತ್ತು ಗೂಟ ಮಾಡಿಸಿಕೊಟ್ಟರು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗಿಷ್ಟು ಕಿಲೋ ಅಂತ ಬಾಯಲ್ಲೇ ಲೆಕ್ಕ ಹಾಕಿ ಹೇಳಿದರು: ಎಂಟು ಕಿಲೋ. ಡೇರೆ ಏಳು, ಗೂಟ ಎಂಟು. ಆನೆ ಕಟ್ಟಬಹುದು, ಬೇಕಾದರೆ ಸಕ್ರೆಬೈಲಿನಲ್ಲಿ ಕೇಳಿ ಎಂದೂ ಸೇರಿಸಿದರು.

ತಾರಸಿಯ ಮೇಲೆ ಅಭ್ಯಾಸ ನಡೆಯಿತು. ಅದು ಕ್ಯಾಂಪಿಂಗ್ ಅಲ್ಲ, ಶಿಫ್ಟು. ಕಂಬ ಜೋಡಿಸುವುದು ಎ ಶಿಫ್ಟಿನವರು, ಅಂದರೆ ಮಗ. ತೋಳಿನೊಳಗೆ ಕಂಬ ತೂರಿಸುವುದು ಬಿ ಶಿಫ್ಟು, ಸೊಸೆ. ಮೊಮ್ಮಗ ಸ್ಟೋರ್ಸು; ಅವನ ಸಹಿ ಇಲ್ಲದೆ ಚೀಲದಿಂದ ಒಂದು ಹಗ್ಗವೂ ಹೊರಗೆ ಬರುವಂತಿಲ್ಲ. ಮಾವ ಸ್ವತಃ ಏನೂ ಮುಟ್ಟುವುದಿಲ್ಲ, ಕೈ ಹಿಂದೆ ಕಟ್ಟಿಕೊಂಡು ಸುತ್ತುತ್ತಾರೆ. ಮಳೆಹೊದಿಕೆ ಒಳಡೇರೆಗೆ ಎಲ್ಲಾದರೂ ತಾಗಿದ್ದರೆ ‘ರಿಜೆಕ್ಟ್’ ಎಂದು ಮುಂದಕ್ಕೆ ಹೋಗುತ್ತಾರೆ. ತಾಗಿದ ಕಡೆ ನೀರು ದಾಟುತ್ತದೆ, ಮಾತು ನಿಜ. ಆದರೆ ಅದನ್ನು ಹೇಳುವ ಧಾಟಿಗೆ ಸೊಸೆ ಎರಡು ಸಲ ಕೆಳಗಿಳಿದು ಹೋದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮಾವನ ಹೆಂಡತಿ ನೆಲಹಾಸಿನ ಮೇಲೆ ಸಂಡಿಗೆ ಹಾಕಿ, ಜಾಲರಿಯ ಜಿಪ್ಪೆಳೆದರು. ಕಾಗೆ ಇಲ್ಲ, ಅಳಿಲಿಲ್ಲ, ಧೂಳಿಲ್ಲ. ಆ ಬೇಸಿಗೆಯಲ್ಲಿ ಡೇರೆಯಿಂದ ಪಡೆದ ಪೂರ್ತಿ ಪ್ರಯೋಜನ ಇದೊಂದೇ.

ಯಾಕೆಂದರೆ ಹೋಗುವುದೆಲ್ಲಿಗೆ? ಭದ್ರಾ ಅಭಯಾರಣ್ಯದಲ್ಲಿ ಮನಸ್ಸು ಬಂದಲ್ಲಿ ಡೇರೆ ಹೊಡೆಯುವ ಹಾಗಿಲ್ಲ, ಹುಲಿಗೂ ಇಲಾಖೆಗೂ ಇಬ್ಬರಿಗೂ ಉತ್ತರ ಕೊಡಬೇಕು. ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಡೇರೆ ವಾಸ ಉಂಟು, ಆದರೆ ಡೇರೆ ಅವರದ್ದು. ‘ಬೇರೆಯವರ ಡೇರೆಲಿ ಮಲಗಕ್ಕೆ ನಾನು ಇದನ್ನ ತಗಂಡಿದ್ದಾ?’ ಇನ್ನು ತಿಂಗಳು. ಜೂನಿನಿಂದ ಮಳೆ ಮುಗಿಯುವವರೆಗೆ ಇಂಬಳ. ಡಿಸೆಂಬರ್ ಕಳೆದರೆ ಉಣುಗು. ಹವೆ ಹಿತವಾಗಿರುವ ಆ ತಿಂಗಳುಗಳೇ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಆ ರೋಗ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಜಿಲ್ಲೆಯ ತಾಯಂದಿರಿಗೆ ಈ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ. ನೆಲಹಾಸನ್ನು ಗೋಡೆಗೇ ಹೊಲಿದಿದೆ, ಇರುವೆಯೂ ನುಗ್ಗದು ಎಂದು ಮಾವ ವಾದಿಸಿದರು. ‘ಡೇರೆಯಿಂದ ಬಚ್ಚಲಿಗೆ ಹೋಗಕ್ಕೂ ಹೊಲಿಗೆ ಹಾಕಿದಾರಾ?’ ಎಂದು ಹೆಂಡತಿ ಕೇಳಿದ ಮೇಲೆ ಕಾಡಿನ ಮಾತು ನಿಂತಿತು. ಉಳಿದದ್ದು ದೀಪಾವಳಿ, ಉಳಿದ ಜಾಗ ತೀರ್ಥಹಳ್ಳಿ ಕಡೆ ಇರುವ ಹೆಂಡತಿಯ ತವರು.

ದಾರಿಯಲ್ಲಿ ಅಕೇಶಿಯಾ ತೋಪು ಕಂಡಲ್ಲೆಲ್ಲ ಮಾವ ಕಿಟಕಿ ಇಳಿಸಿ ‘ನಮ್ಮದು’ ಎಂದರು. ಕಾರ್ಖಾನೆಗೆಂದು ನೆಟ್ಟ ಮರ. ಕಾಗದವಾಗುವುದು ತಪ್ಪಿ ಹಾಗೇ ಬೆಳೆದು ನಿಂತಿವೆ. ಮೊಮ್ಮಗ ನಿಜವೆಂದು ನಂಬಿ, ಅಷ್ಟು ಮರಕ್ಕೂ ನಾವೇ ನೀರು ಹಾಕಬೇಕಾ ಎಂದು ಗಾಬರಿಯಾದ.

ಮಾವನ ಅತ್ತೆಗೆ ಎಂಬತ್ತು ದಾಟಿದೆ, ಧ್ವನಿಗೆ ದಾಟಿಲ್ಲ. ಅಂಗಳದಲ್ಲಿ ನೀಲಿ ಗುಡ್ಡ ಏಳುವುದನ್ನು ಜಗಲಿಯ ಮೇಲಿಂದ ನೋಡಿ ಕೆಳಗಿಳಿದು ಬಂದರು.

‘ಎಂತದು ಅಳಿಯಂದ್ರೇ ಇದು? ಒಳಗೆ ಮೂರು ಕೋಣೆ ಖಾಲಿ ಬಿದ್ದಿದಾವೆ.’

‘ಕ್ಯಾಂಪಿಂಗ್ ಅತ್ತೆ. ಪ್ರಕೃತಿ ಮಡಿಲಲ್ಲಿ...’

‘ಹಬ್ಬಕ್ಕೆ ಬಂದ ಅಳಿಯನ್ನ ಅಂಗಳದಲ್ಲಿ ಮಲಗಿಸಿದ್ರಂತೆ ಅಂತ ನಾಳೆ ಊರೆಲ್ಲ ಆಡಿಕೊಳ್ತದೆ. ನನ್ನ ಮುಖ ಎಲ್ಲಿಡ್ಲಿ?’

ಗೂಟ ಹೊಡೆಯಲು ಸುತ್ತಿಗೆ ಎತ್ತಿದಾಗಲಂತೂ ಅಡ್ಡವೇ ನಿಂತರು. ಹಬ್ಬಕ್ಕೆಂದು ಸಗಣಿ ಸಾರಿಸಿದ ಅಂಗಳ. ಎಂಟು ಕಿಲೋ ಭದ್ರಾವತಿ ಉಕ್ಕು ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಹಗ್ಗ ಒಂದು ಕಡೆ ಒರಳುಕಲ್ಲಿಗೆ, ಒಂದು ಕಡೆ ಅಡಿಕೆ ಬೇಯಿಸುವ ಹಂಡೆಗೆ ಕಟ್ಟಿದ್ದಾಯಿತು. ತುಳಸಿಕಟ್ಟೆಗೆ ಕಟ್ಟಿದ್ದನ್ನು ಅತ್ತೆ ಬಿಚ್ಚಿಸಿದರು.

ರಾತ್ರಿ ಚಳಿಗೆ ಸೊಸೆ ಕಿಟಕಿಯ ಜಿಪ್ಪುಗಳನ್ನೆಲ್ಲ ಎಳೆದು ಮುಚ್ಚಿದಳು. ಮೂರು ಗಂಟೆಯ ಹೊತ್ತಿಗೆ ಮಾವನ ಹೆಂಡತಿಯ ಹಣೆಯ ಮೇಲೆ ಒಂದು ಹನಿ ಬಿತ್ತು.

‘ರೀ, ಸೋರ್ತಿದೆ.’

‘ಸೋರದಲ್ಲ ಕಣೇ. ಆಕಾಶದಲ್ಲಿ ನಕ್ಷತ್ರ ಇದಾವೆ. ಇದು ನಮ್ಮ ಉಸಿರು. ಐದು ಜನರ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿದೆ. ವೆಂಟಿಲೇಟರ್ ತೆಗೀಬೇಕಿತ್ತು.’

‘ಹಂಗಾದ್ರೆ ಉಸಿರಾಡೋದು ಬಿಡ್ಲೇನ್ರೀ?’

ಮಾವ ಟಾರ್ಚು ಹಚ್ಚಿ ಕಾಗದ ಯಂತ್ರದ ಒಣಗಿಸುವ ಉರುಳೆಗಳ ಬಗ್ಗೆ, ಆವಿಯಲ್ಲಿ ಕಾದ ಅವುಗಳ ಮೇಲೆ ಹಾಯ್ದು ಬಂದ ಹಾಳೆಯಲ್ಲಿ ತೇವ ಎಷ್ಟು ಶೇಕಡಾ ಉಳಿಯಬೇಕು ಎಂಬ ಬಗ್ಗೆ ಶುರುಮಾಡಿದರು. ಒಬ್ಬೊಬ್ಬರಾಗಿ ದಿಂಬು ಹಿಡಿದು ಮನೆಯೊಳಗೆ ಹೋದರು. ಬೆಳಿಗ್ಗೆ ಹಾಲು ಕರೆಯಲು ಎದ್ದ ಅತ್ತೆಗೆ ಆರು ಜನರ ಡೇರೆಯಲ್ಲಿ ಅಳಿಯ ಒಬ್ಬರೇ, ಅಡ್ಡಡ್ಡ ಮಲಗಿದ್ದು ಕಂಡಿತು.

ಮರುದಿನ ಸಂಜೆ ಮೋಡ ಕಟ್ಟಿತು. ಮೊದಲ ಕೊಯ್ಲಿನ ಅಡಿಕೆ ಸುಲಿದು ಬೇಯಿಸಿ ಅಂಗಳದ ಆ ಬದಿಗೆ ಹರವಿದ್ದರು, ಇನ್ನೂ ಅರೆಬರೆ ಒಣಗಿತ್ತು. ದೀಪಾವಳಿಯ ಅಕಾಲ ಮಳೆಗೆ ಬೆಳೆಗಾರ ಹೆದರುವಷ್ಟು ಜೂನಿನ ಮಳೆಗೂ ಹೆದರುವುದಿಲ್ಲ, ಬೂಷ್ಟು ಹಿಡಿದರೆ ದರ ಹೋಯಿತು. ಟಾರ್ಪಾಲು ಹುಡುಕಿದರೆ ಅದನ್ನು ಪಕ್ಕದ ಮನೆಯವರು ಒಯ್ದಿದ್ದರು. ಎಲ್ಲರ ಕಣ್ಣೂ ನೀಲಿ ಗುಡ್ಡದ ಕಡೆ ತಿರುಗಿತು. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ‘ಸಿ ಶಿಫ್ಟ್, ಬನ್ನಿ!’ ಎಂದು ಕೂಗಿದರು. ಬುಟ್ಟಿ ಬುಟ್ಟಿ ಅಡಿಕೆ ಒಳಗೆ ಹೋಯಿತು. ಮಳೆ ಗಂಟೆಗಟ್ಟಲೆ ಹೊಡೆಯಿತು. ಮಾವ ಮನೆಯೊಳಗಿನ ಮೂರು ಕೋಣೆಯಲ್ಲಿ ಒಂದರಲ್ಲಿ ಮಲಗಿದ್ದರೂ ಗಂಟೆಗೊಮ್ಮೆ ಎದ್ದು ಕೊಡೆ ಹಿಡಿದು ಹೋಗಿ ಕೈಹಾಕಿ ನೋಡಿ ಬಂದರು.

ಮೇಲಿಂದ ಒಂದು ಹನಿ ದಾಟಿರಲಿಲ್ಲ. ಒಳಮೈ ಮಾತ್ರ ತೊಟ್ಟಿಕ್ಕುತ್ತಿತ್ತು.

‘ಅಡಿಕೆನೂ ಉಸಿರಾಡ್ತದಾ?’ ಎಂದು ಹೆಂಡತಿ ಕೇಳಿದರು.

‘ತೇವಾಂಶ ಕಣೇ. ಸರಿಯಾಗಿ ಒಣಗಿಸ್ದೆ ಒಳಗಿಟ್ರೆ ಅಡಿಕೆ ಆದ್ರೇನು, ಕಾಗದ ಆದ್ರೇನು.’

ಬಿಸಿಲು ಬಿದ್ದ ಮೇಲೆ ಭಾವಮೈದುನ ಡೇರೆಯ ಸುತ್ತ ಒಂದು ಸುತ್ತು ಬಂದು, ಬಟ್ಟೆ ಮುಟ್ಟಿ ನೋಡಿ, ಎಷ್ಟಾಯಿತೆಂದು ಕೇಳಿದರು. ಮಾವ ಹೇಳಿದರು.

‘ಅಷ್ಟು ದುಡ್ಡಿಗೆ ಅಂಗಳ ತುಂಬ ಟಾರ್ಪಾಲು ಬರ್ತಿತ್ತಲ್ಲ ಭಾವ.’

‘ಬರ್ತಿತ್ತು ಮಾರಾಯ. ಟಾರ್ಪಾಲಿನೊಳಗೆ ನಿಂತ್ಕೊಂಡು ನಿನ್ನ ಅಕ್ಕ ಸೀರೆ ಉಡ್ತಾಳಾ?’