ಕ್ಯಾಸೆಟಿನೊಳಗಿನ ಕೆಮ್ಮು ಯಾರದ್ದು?

ಪಾಣೆಮಂಗಳೂರಿನಲ್ಲಿ ಕೆಮ್ಮಿಗೂ ವಾರಸುದಾರರಿದ್ದಾರೆ. ಹಳೆಯ ತಾಳಮದ್ದಳೆಯ ಯಾವುದಾದರೂ ಕ್ಯಾಸೆಟ್ ಹಾಕಿ ನೋಡಿ. ಅರ್ಥಧಾರಿ ಪೀಠಿಕೆ ಮುಗಿಸಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಸಭೆಯಲ್ಲಿ ಯಾರೋ ಕೆಮ್ಮುತ್ತಾರೆ. "ಅದು ನಾನು" ಎನ್ನುತ್ತಾರೆ ನಮ್ಮ ಭಾವ, ಪದ್ಮಶ್ರೀ ಸಿಕ್ಕಿದವರ ಹಾಗೆ. ಅದೇ ಕ್ಯಾಸೆಟಿನ ಪ್ರತಿ ಮೆಲ್ಕಾರಿನ ಇನ್ನೊಂದು ಮನೆಯಲ್ಲೂ ಉಂಟು. ಅಲ್ಲಿ ಆ ಕೆಮ್ಮು ಆ ಮನೆಯ ಅಜ್ಜನದ್ದು. ನಂದಾವರದ ಕಡೆ ವಿಚಾರಿಸಿದರೆ ಮೂರನೆಯ ಹಕ್ಕುದಾರರು ಸಿಗುತ್ತಾರೆ. ಒಂದು ಕೆಮ್ಮಿಗೆ ಮೂರು ಗಂಟಲು!

ಇದೆಲ್ಲ ಮೇಲೆ ಬಂದದ್ದು ಭಾವನ ಮಗನಿಂದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಉಳಿದ ಹೊತ್ತಿನಲ್ಲಿ ರಾಕ್, ಬ್ಲೂಸ್. ರಜೆಗೆ ಊರಿಗೆ ಬಂದವನು ಜಗಲಿಯಲ್ಲಿ ಕುಳಿತು, "ಮಾವ, ಸ್ಟುಡಿಯೋದಲ್ಲಿ ಯಾರು ಬೇಕಾದರೂ ಹಾಡಿಯಾರು. ಗಂಡಸುತನ ಇರುವುದು ಲೈವ್ ಆಲ್ಬಂನಲ್ಲಿ" ಎಂದ. ಭಾವ ಪೇಪರಿನಿಂದ ತಲೆಯೆತ್ತಿ, "ಅದು ಎಂತದ್ದು?" ಎಂದು ಕೇಳಿದರು. "ಜನರ ಎದುರು ಆಡಿದ್ದನ್ನು ಹಾಗೆಯೇ ರೆಕಾರ್ಡ್ ಮಾಡುವುದು ಅಪ್ಪ." ಭಾವ ಎದ್ದು ಒಳಗೆ ಹೋದರು. ಮಂಚದ ಅಡಿಯಿಂದ ರಟ್ಟಿನ ಪೆಟ್ಟಿಗೆ ಎಳೆದು ತಂದರು. ಒಳಗೆ ಕ್ಯಾಸೆಟೇ ಕ್ಯಾಸೆಟು, ಬೆನ್ನಿನ ಮೇಲೆ ನೀಲಿ ಶಾಯಿಯಲ್ಲಿ ಪ್ರಸಂಗದ ಹೆಸರು. "ನಾನು ಇಷ್ಟು ಲೈವ್ ಆಲ್ಬಂ ಮಾಡಿದ್ದೇನೆ. ನಿನ್ನ ಬಿಳಿಯರು ಎಷ್ಟು ಮಾಡಿದ್ದಾರೆ?"

ಇಂದಿನ ಮಕ್ಕಳಿಗೆ ಆ ಕಾಲದ ರೆಕಾರ್ಡಿಂಗ್ ಎಂದರೆ ಎಂತ ಸಾಹಸ ಎಂದು ಹೇಳಬೇಕು. ಗಲ್ಫಿನಿಂದ ರಜೆಗೆ ಬಂದವರ ಹತ್ತಿರ ಕಾಡಿ ಬೇಡಿ ನ್ಯಾಷನಲ್ ಪ್ಯಾನಸೋನಿಕ್ ಸೆಟ್ ಕೊಂಡುಕೊಳ್ಳುವುದು ಮೊದಲ ಅಂಕ. ದೀಪಾವಳಿ ಕಳೆದ ಮೇಲೆ ಪತ್ತನಾಜೆಯವರೆಗೆ ಮೇಳಗಳ ಆಟ, ಮಳೆಗಾಲದಲ್ಲಿ ತಾಳಮದ್ದಳೆ. ಸೆಟ್ಟಿಗೆ ವರ್ಷವಿಡೀ ರಜೆಯಿಲ್ಲ. ವೇದಿಕೆಯ ಅಂಚಿನಲ್ಲಿ ಅಂಥವು ಐದಾರು ಸಾಲಾಗಿ ಕುಳಿತಿರುತ್ತಿದ್ದವು. ಭಾಗವತರು ಜಾಗಟೆಗೆ ಕೈ ಹಾಕಿದ ಕೂಡಲೇ ಟಕ್ ಟಕ್ ಎಂದು ಗುಂಡಿಗಳು ಬೀಳುತ್ತಿದ್ದವು.

ಆಮೇಲೆ ಇರುವುದು ನಿಜವಾದ ಸಂಕಟ. ತೊಂಬತ್ತು ನಿಮಿಷದ ಕ್ಯಾಸೆಟ್ ನಲ್ವತ್ತೈದು ನಿಮಿಷಕ್ಕೆ ಮಗುಚಬೇಕು. ಅರ್ಥಧಾರಿಗಳಿಗೆ ಅದರ ಲೆಕ್ಕ ಎಲ್ಲಿ? ಭಾವನ ಸಂಗ್ರಹದ ಕಿರೀಟಮಣಿ ಒಂದು ವಾಲಿವಧೆ. ಬಾಣ ತಾಗಿ ಬಿದ್ದ ವಾಲಿ ರಾಮನಿಗೆ ಪ್ರಶ್ನೆ ಹಾಕುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಸಭೆ ಉಸಿರು ಬಿಗಿಹಿಡಿದಿದೆ. ರಾಮ ಗಂಟಲು ಸರಿಮಾಡಿಕೊಳ್ಳುತ್ತಾನೆ. ಟಕ್! ಆ ಕಡೆ ಮುಗಿಯಿತು. ಭಾವ ಕತ್ತಲೆಯಲ್ಲಿ ತಡವರಿಸಿ ಮಗುಚಿ ಹಾಕುವಷ್ಟರಲ್ಲಿ ರಾಮನ ಸಮರ್ಥನೆ ಮುಗಿದು ಸುಗ್ರೀವ ಅಳಲು ಶುರುಮಾಡಿದ್ದಾನೆ. ಹೀಗಾಗಿ ನಮ್ಮ ಮನೆಯಲ್ಲಿ ರಾಮ ಇವತ್ತಿಗೂ ವಾಲಿಗೆ ಉತ್ತರ ಕೊಟ್ಟಿಲ್ಲ. ಭಾವ ವಾಲಿಯ ಪಕ್ಷ ಸೇರಿದ್ದೇ ಆ ಕಾರಣಕ್ಕೆ ಎಂದು ಅಕ್ಕ ಹೇಳುತ್ತಾಳೆ.

ಅಳಿಯ ಸುಲಭಕ್ಕೆ ಸೋಲುವವನಲ್ಲ. ಫೋನಿನಿಂದ ಸ್ಪೀಕರಿಗೆ ಜೋಡಿಸಿ ಮೊದಲು ಹಾಕಿದ್ದು ಆಲ್‌ಮನ್ ಬ್ರದರ್ಸ್ ಬ್ಯಾಂಡ್. 1971ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಆಡಿದ್ದು. ಕೊನೆಯ 'ವಿಪ್ಪಿಂಗ್ ಪೋಸ್ಟ್' ಹೆಚ್ಚುಕಡಿಮೆ 23 ನಿಮಿಷ, ಎಲ್‌ಪಿಯ ಒಂದು ಇಡೀ ಕಡೆ ಅದಕ್ಕೇ. ಅಳಿಯ ಹೆಮ್ಮೆಯಿಂದ ಭಾವನ ಮುಖ ನೋಡಿದ. "ಇಪ್ಪತ್ತಮೂರೇ?" ಎಂದರು ಭಾವ. "ಶೇಣಿಯವರು ಕುಳಿತರೆ ನಾಲ್ಕು ಸಾಲಿನ ಪದ್ಯಕ್ಕೆ ಅದರ ದುಪ್ಪಟ್ಟು ಅರ್ಥ ಹೇಳುತ್ತಿದ್ದರು. ಅದೂ ಪುಸ್ತಕ ಇಲ್ಲದೆ, ಎದುರಿನವ ಎಂತ ಹೇಳುತ್ತಾನೆಂದು ಗೊತ್ತಿಲ್ಲದೆ." ಅಳಿಯ, "ಇವರೂ ಹಾಗೇ ಅಪ್ಪ. ಒಬ್ಬ ಗಿಟಾರಿನಲ್ಲಿ ಒಂದು ಮಾತು ಎತ್ತಿದರೆ ಇನ್ನೊಬ್ಬ ಅದನ್ನು ಹಿಡಿದು ಬೆಳೆಸುತ್ತಾನೆ" ಎಂದ. ಭಾವ ಕಿವಿಗೊಟ್ಟರು. ಹಾಡಿಗೆ ಮೊದಲು ಸಭೆಯಿಂದ ಯಾರೋ ಹಾಡಿನ ಹೆಸರು ಹಿಡಿದು ಕೂಗುತ್ತಾನೆ, ವೇದಿಕೆಯಿಂದ 'ಸರಿಯಾಗಿ ಊಹಿಸಿದೆ' ಎಂಬರ್ಥದ ಉತ್ತರ ಬರುತ್ತದೆ. ಭಾವನಿಗೆ ಹಿಡಿಸಿದ್ದು ಅದೊಂದೇ. "ಕೂಗಿದವ ಯಾವ ಮನೆಯವ? ಅವನಿಗೂ ಅಲ್ಲಿ ಹಕ್ಕುದಾರರು ಹತ್ತಾರು ಇದ್ದಾರು!"

ಆ ಬ್ಯಾಂಡಿನ ಡ್ವೇನ್ ಆಲ್‌ಮನ್ ಅದೇ ವರ್ಷದ ಅಕ್ಟೋಬರಿನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀರಿಹೋದ, ಪ್ರಾಯ 24 ಎಂದು ಅಳಿಯ ಹೇಳಿದಾಗ ಮಾತ್ರ ಭಾವ ಗೇಲಿ ಮಾಡಲಿಲ್ಲ. ಪೆಟ್ಟಿಗೆ ತಡಕಿ ಗುಂಡ್ಮಿ ಕಾಳಿಂಗ ನಾವಡರ ಕ್ಯಾಸೆಟ್ ತೆಗೆದರು. ಭಾವ ಅಪ್ಪಟ ತೆಂಕಿನವರು. ಬಡಗಿನ ಭಾಗವತರೆಂದರೆ ಅವರ ಪೆಟ್ಟಿಗೆಯಲ್ಲಿ ಇವರೊಬ್ಬರೇ. ಸಾಲಿಗ್ರಾಮ ಮೇಳದ ಟೆಂಟು ತುಂಬಿಸಿದ ಆ ದನಿ 1990ರಲ್ಲಿ ರಸ್ತೆ ಅಪಘಾತದಲ್ಲಿ ನಿಂತಾಗ ಅವರಿಗೆ ಮೂವತ್ತೆರಡೂ ತುಂಬಿರಲಿಲ್ಲ. ಈಗ ಕೇಳಲು ಇರುವುದು ಇಂಥ ಟೇಪುಗಳೇ. ಅಪ್ಪ ಮಗ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೇಳಿದರು. ಅಕ್ಕ ಚಹಾ ತಂದಿಟ್ಟಳು, ಜಗಳ ಮುಂದುವರಿಯಿತು.

ಎರಡನೆಯದು ಬಿ.ಬಿ. ಕಿಂಗ್, 1964ರಲ್ಲಿ ಶಿಕಾಗೋದ ರೀಗಲ್ ಥಿಯೇಟರಿನಲ್ಲಿ. ಕಿಂಗ್ ಹಾಡಿನ ನಡುವೆ ಜನರ ಹತ್ತಿರ ಪಟ್ಟಾಂಗ ಹೊಡೆಯುತ್ತಾನೆ, ಹೆಂಗಸರು ಕಿರುಚಿ ಉತ್ತರ ಕೊಡುತ್ತಾರೆ. ಭಾವ, "ಇವನು ಹರಿಕಥೆಗೆ ಆಗುತ್ತಾನೆ" ಎಂದು ಪ್ರಮಾಣಪತ್ರ ಕೊಟ್ಟರು. ಮೂರನೆಯದು ಡೀಪ್ ಪರ್ಪಲ್, 1972ರ ಆಗಸ್ಟಿನಲ್ಲಿ ಜಪಾನಿನ ಒಸಾಕಾ, ಟೋಕಿಯೋಗಳಲ್ಲಿ. ಆಲ್ಬಂ ಬೇಕೆಂದು ಹಟ ಹಿಡಿದವರು ಜಪಾನಿನವರು, ಬ್ಯಾಂಡಿನವರಿಗೆ ಅಷ್ಟೇನೂ ಮನಸ್ಸಿರಲಿಲ್ಲವಂತೆ. "ನೋಡು, ಕಲಾವಿದನಿಗೆ ತನ್ನದು ಯಾವುದು ಚೆನ್ನಾಗಿ ಬಂತೆಂದು ಗೊತ್ತಾಗುವುದಿಲ್ಲ. ಅದನ್ನು ಹೇಳಬೇಕಾದವರು ನಾವು" ಎಂದು ಭಾವ ಪ್ರೇಕ್ಷಕವರ್ಗದ ಪರವಾಗಿ ಅಭಿನಂದನೆ ಸ್ವೀಕರಿಸಿದರು.

ಥಿನ್ ಲಿಜಿ ಬ್ಯಾಂಡಿನ 1978ರ ಆಲ್ಬಂ ಬಂದಾಗ ಅಳಿಯನ ಸ್ವರ ತಗ್ಗಿತು. ಅದರ ಹೆಚ್ಚಿನ ಪಾಲನ್ನು ಸ್ಟುಡಿಯೋದಲ್ಲಿ ಪುನಃ ನುಡಿಸಿ ಸೇರಿಸಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದಾನೆ, ಅಷ್ಟೆಲ್ಲ ಇಲ್ಲ ಎಂದು ಬ್ಯಾಂಡಿನವರು ವಾದಿಸಿದ್ದಾರೆ. ಭಾವನಿಗೆ ಬೇಕಾದದ್ದು ಅಷ್ಟೇ. ನಮ್ಮಲ್ಲೂ ಹಾಗೆ ಬಂದಿತ್ತಲ್ಲ, ಇಡೀ ರಾತ್ರಿಯ ಪ್ರಸಂಗವನ್ನು ಕೋಣೆಯೊಳಗೆ ಗಂಟೆಗೆ ಇಳಿಸಿ ಮಾರುವ ಕ್ಯಾಸೆಟು! ಅದರಲ್ಲಿ ಚೆಂಡೆ ಸ್ಪಷ್ಟ, ಮದ್ದಳೆ ಸ್ಪಷ್ಟ, ಮಾತು ಸ್ಪಷ್ಟ. ಆದರೆ ಹಾಸ್ಯಕ್ಕೆ ನಗುವವರಿಲ್ಲ. "ಬಂಟ್ವಾಳ ಜಯರಾಮ ಆಚಾರ್ಯರ ಹಾಸ್ಯವನ್ನು ನಗೆ ಇಲ್ಲದೆ ಕೇಳುವುದು, ಉಪ್ಪಿಲ್ಲದ ಗಂಜಿ ಉಂಡ ಹಾಗೆ" ಎಂದರು.

ನಾನು ನಡುವೆ ಬಾಯಿ ಹಾಕಿ, "ಭಾವ, ನಿಮ್ಮ ಟೇಪಿನಲ್ಲಿ ಬಲಿಪ ನಾರಾಯಣ ಭಾಗವತರ ಪದ್ಯಕ್ಕಿಂತ ತಗಡಿನ ಮಾಡಿಗೆ ಬೀಳುವ ಮಳೆಯೇ ಜೋರಾಗಿ ಉಂಟಲ್ಲ?" ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. "ಆಷಾಢದ ತಾಳಮದ್ದಳೆಗೆ ಮಳೆ ಬಾರದೆ ಬಿಸಿಲು ಬರುತ್ತದಾ? ಆ ಮಳೆಯನ್ನು ಸೀಳಿಕೊಂಡು ಬಲಿಪರ ಶ್ರುತಿ ಬರುತ್ತದೆ ನೋಡು, ಅದಕ್ಕೇ ಅವರು ಬಲಿಪರು."

ಈ ಮಾತು ಅಳಿಯನ ತಲೆಯಲ್ಲಿ ಕುಳಿತದ್ದು ಅರ್ಧ ಮಾತ್ರ. ಹೋಗುವಾಗ ವಾಲಿವಧೆಯ ಕ್ಯಾಸೆಟನ್ನು ಒಯ್ದು, ಕಂಪ್ಯೂಟರಿಗೆ ಹಾಕಿ, ಅದೇನೋ ಸಾಫ್ಟ್‌ವೇರಿನಿಂದ ತೊಳೆದು ಕಳುಹಿಸಿದ. ಮಳೆ ಹೋಯಿತು. ಮಗುವಿನ ಅಳು ಹೋಯಿತು. ಕಬ್ಬಿಣದ ಕುರ್ಚಿ ಎಳೆದ ಸದ್ದು, ದೂರದಲ್ಲಿ ಘಾಟಿಗೆ ಹೊರಟ ಲಾರಿಯ ಗೇರು, ಎಲ್ಲ ಹೋಯಿತು. ಕೆಮ್ಮೂ ಹೋಯಿತು. ಭಾವ ಎರಡು ನಿಮಿಷ ಕೇಳಿ, "ಇದು ಯಾವ ಊರಿನ ಕೂಟ?" ಎಂದು ಕೇಳಿದರು.

ಕೂಡಲೇ ಬೆಂಗಳೂರಿಗೆ ಫೋನು. ನಾನೂ ಪಕ್ಕದಲ್ಲಿದ್ದೆ. ಹಿಂದೆ ಅಳಿಯನೇ ಹೇಳಿದ್ದ ಕಥೆಯನ್ನು ಅವನ ಮೇಲೆಯೇ ಬಿಟ್ಟೆ. 'ದ ಹೂ' ಬ್ಯಾಂಡಿನವರು 1970ರ ಫೆಬ್ರವರಿ 14ರಂದು ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲಿನಲ್ಲಿ ಆಡಿದ್ದನ್ನು ರೆಕಾರ್ಡ್ ಮಾಡಿದರು. ನಡುನಡುವೆ ಚಟಪಟ ಸದ್ದು. ಅವರು ಅದನ್ನು ತೆಗೆಯಲಿಲ್ಲ. ಸದ್ದು ಇದ್ದರೆ ಇರಲಿ, ಸರಿಮಾಡಲು ಹೋಗಬೇಡಿ ಎಂದು ರೆಕಾರ್ಡಿನ ಚೀಟಿಯ ಮೇಲೆಯೇ ಬರೆಸಿದರು. ಹೊದಿಕೆಯೂ ಕಳ್ಳಪ್ರತಿಯದ್ದರಂತೆ ಬರೀ ಕಂದು ರಟ್ಟು. "ಇದನ್ನು ಹೇಳಿದವ ನೀನೇ ಅಲ್ವಾ ಮಾರಾಯ? ಇಂಗ್ಲೆಂಡಿನ ಸದ್ದು ಪುರಾವೆ, ಪಾಣೆಮಂಗಳೂರಿನ ಸದ್ದು ಕಸವಾ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾವ, ತೆಗೆದದ್ದನ್ನು ವಾಪಸು ಸೇರಿಸಲು ಆಗುವುದಿಲ್ಲ. ಮೂಲ ಕ್ಯಾಸೆಟಿನ ಟೇಪು ಪ್ಲೇಯರಿನಲ್ಲಿ ಸಿಕ್ಕಿ ತುಂಡಾಯಿತು" ಎಂದ.

ಭಾವ ಫೋನು ಕಸಿದುಕೊಂಡರು. ಬೈಗುಳ ಬರುತ್ತದೆಂದು ನಾನು ಕಾದರೆ, ಬಂದದ್ದು ತೀರ್ಪು. "ಹಾಗಾದರೆ ಕಟೀಲು ಮೇಳದ ಒಂದು ಹರಕೆ ಆಟ ಬುಕ್ ಮಾಡಿಸು, ಖರ್ಚು ನಿನ್ನದು. ಅದಕ್ಕೆ ವರ್ಷಗಟ್ಟಲೆ ಕಾಯಬೇಕು, ಗೊತ್ತುಂಟಲ್ಲ? ಸರದಿ ಬರುವಾಗ ನಿನಗೂ ತಲೆ ನರೆತಿರುತ್ತದೆ. ಆಗ ರೆಕಾರ್ಡ್ ಮಾಡು. ಯಾವ ಸದ್ದು ತೆಗೆಯಬಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ."