ಧೈರ್ಯ ತುಂಬುವವರು

ಮಕ್ಕಳಿಗೆ ಧೈರ್ಯ ತುಂಬಲೆಂದೇ ಹುಟ್ಟಿದ ಹಿರಿಯರೊಬ್ಬರು ಪ್ರತಿ ಮನೆತನದಲ್ಲೂ ಇರುತ್ತಾರೆ. ಮಗು ಕತ್ತಲೆಗೆ ಹೆದರುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ಚೀಲದಲ್ಲಿ ತಾಯತ, ವಿಭೂತಿ, ದಿಂಬಿನಡಿ ಇಡಲು ಕಬ್ಬಿಣದ ತುಂಡು. ಇಳಿದವರೇ ಉಪ್ಪು, ಮೆಣಸಿನಕಾಯಿ ಕೇಳಿ ದೃಷ್ಟಿ ತೆಗೆಯುತ್ತಾರೆ. ಇವಿಷ್ಟೇ ಆಗಿದ್ದರೆ ನನ್ನ ತಕರಾರಿರಲಿಲ್ಲ. ಕಥೆಯನ್ನೂ ಹೇಳುತ್ತಾರಲ್ಲ!

ನಮ್ಮ ಪುಟ್ಟಿಗೆ ಆರು ವರ್ಷ. 6ರಿಂದ 12ರ ವಯಸ್ಸಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎಂದು ಡಾಕ್ಟರು ಹೇಳಿದ್ದರು. ದಿನಾ ಒಂದೇ ಹೊತ್ತಿಗೆ ಮಲಗಿಸಿ, ಮೊಬೈಲು ದೂರ ಇಡಿ, ಸಣ್ಣ ದೀಪ ಇರಲಿ, ಮಂಚದಡಿ ದೆವ್ವ ಹುಡುಕುವ ನಾಟಕ ಬೇಡ, ಏನೋ ಇದ್ದರೆ ತಾನೇ ಹುಡುಕುವುದು ಅಂದುಕೊಳ್ಳುತ್ತದೆ ಮಗು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ನಾಲ್ಕಾರು ದಿನಕ್ಕೊಮ್ಮೆ ಒಂದಿಷ್ಟು ದೂರ ಸರಿಯಿರಿ ಎಂದೂ ಹೇಳಿದ್ದರು. ನನ್ನ ಕುರ್ಚಿ ಇನ್ನೇನು ಹೊಸ್ತಿಲು ದಾಟಬೇಕು, ಚಿಕ್ಕಪ್ಪ ಬಂದಿಳಿದರು.

"ದೆವ್ವಗಿವ್ವ ಎಲ್ಲ ಸುಳ್ಳು ಕಣೇ ಮರಿ. ನಾನೇ ಕಣ್ಣಾರೆ ನೋಡಿದೀನಿ, ಹೇಳ್ತೀನಿ ಕೇಳು."

1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಹಬ್ಬಿದ್ದ ಸುದ್ದಿ ಅದು. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಯಾರೋ ಕರೆಯುತ್ತಾರೆ, ಬಾಗಿಲು ತೆಗೆದರೆ ಕಥೆ ಮುಗಿಯಿತು. ಅದಕ್ಕೇ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಚಿಕ್ಕಪ್ಪ ಆ ದನಿಯನ್ನು ಚಿಕ್ಕಮ್ಮನ ಹಾಗೆ, ನನ್ನ ಹಾಗೆ, ಕೊನೆಗೆ ಪುಟ್ಟಿಯ ಮಿಸ್ಸಿನ ಹಾಗೆ ಅನುಕರಿಸಿ ತೋರಿಸಿದರು. ಬಾಲ್ಕನಿ ಬಾಗಿಲ ಚಿಲಕ ಹಾಕಿದೆಯೋ ಇಲ್ಲವೋ ಎಂದು ನಾನೂ ಎದ್ದೆ. ಎದ್ದು, ನೋಡಿ ಬರಲು ಗಂಡನನ್ನು ಕಳಿಸಿದೆ.

ಬೆಳಿಗ್ಗೆ ರೂಮಿನ ಬಾಗಿಲ ಮೇಲೆ ಬಳಪದಲ್ಲಿ 'ನಾಳೆ ಭಾ'. ಸಂಜೆಯಾಗುತ್ತಲೇ ಪುಟ್ಟಿಯ ಮುಖ ಬಾಡಿತು. "ಅಮ್ಮಾ, ನಾಳೆ ಅಂದ್ರೆ ಇವತ್ತೇ ಅಲ್ವಾ?"

ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತದೆ ಸಮಾಧಾನ ಹೇಳಿದರು. "ಅದಕ್ಕೆ ಓದೋಕೆ ಬರುತ್ತೆ ಮರಿ, ಲೆಕ್ಕ ಬರಲ್ಲ."

ನನ್ನ ಕುರ್ಚಿ ಮತ್ತೆ ಮಂಚಕ್ಕೆ ತಗುಲಿಕೊಂಡಿತು. ಪುರಂದರದಾಸರ ಕೃಷ್ಣನಂಥ ಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ಅಮ್ಮನಿಗೆ ಗೋಗರೆದಿದ್ದಾನೆ. ಪಾಪ, ಅವನ ಮನೆಗೆ ಚಿಕ್ಕಪ್ಪ ಬಂದಿರಲಿಲ್ಲ.

"ನೀನು ಏಳು, ನಾನು ಮಲಗ್ತೀನಿ ಮಗೂ ಜೊತೆ" ಎಂದು ಅವರೇ ಆ ಹೊಣೆ ಹೊತ್ತರು. ಪುಟ್ಟಿ ಗಡದ್ದಾಗಿ ಮಲಗತೊಡಗಿದಳು. ನನಗೆ ಸೋಜಿಗ, ತುಸು ಹೊಟ್ಟೆಕಿಚ್ಚೂ. ಗುಟ್ಟು ರಟ್ಟಾದದ್ದು ಭಾನುವಾರ, ಎಲ್ಲರೂ ದೋಸೆಗೆ ಕೂತಾಗ. "ತಾತಂಗೆ ರಾತ್ರಿ ಬಾತ್‌ರೂಮಿಗೆ ಹೋಗಕ್ಕೆ ಭಯ. ನನ್ನ ಎಬ್ಬಿಸ್ತಾರೆ. ನಾನು ಟಾರ್ಚ್ ಹಿಡ್ಕೊಂಡು ಹೊರಗಡೆ ನಿಂತಿರ್ತೀನಿ. ಇದೀಯೇನೇ ಅಂತ ಕೇಳ್ತಾನೇ ಇರ್ತಾರೆ, ಇದೀನಿ ತಾತ ಅಂತೀನಿ."

ಚಿಕ್ಕಮ್ಮ ಹೋದ ಮೇಲೆ ಮಂಡ್ಯದ ಆ ಮೂರು ಅಂಕಣದ ಮನೆಯಲ್ಲಿ ಅವರೊಬ್ಬರೇ. ಅಲ್ಲಿ ಅವರು ಯಾರನ್ನು ಎಬ್ಬಿಸುತ್ತಾರೆ ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ದೋಸೆ ಮಗುಚುವುದನ್ನೂ ಮರೆತು ನಿಂತೆ.

ಚಿಕ್ಕಪ್ಪ ಮಾತ್ರ ಚಟ್ನಿ ಹಾಕಿಸಿಕೊಂಡು, ದನಿ ತಗ್ಗಿಸಿ ಹೇಳಿದರು. "ಮಗು ರಾತ್ರಿ ಹೊತ್ತು ಎದ್ದು ಓಡಾಡುತ್ತಮ್ಮ. ಯಾವುದಕ್ಕೂ ಒಂದ್ಸಲ ಡಾಕ್ಟರಿಗೆ ತೋರಿಸು."